ಗಡಿಯಾರದವರ ದೀಪಕ್ಕೆ ಬಿದ್ದ ತೆರಿಗೆ

ಹುಬ್ಬಳ್ಳಿಗೆ ಕರೆಂಟು ಬಂದ ಹೊಸದರಲ್ಲಿ ನಾನು ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಗ್ರಾಹಕರ ತಕರಾರು ಕೇಳುವುದು ನನ್ನ ಕೆಲಸ.

ಕಮರಿಪೇಟೆಯ ಒಬ್ಬ ಮುಸಲ್ಮಾನ ಗಡಿಯಾರ ರಿಪೇರಿಯವರು ನಮ್ಮ ಮೊದಮೊದಲ ಗ್ರಾಹಕರು. ವಯಸ್ಸು ಅರವತ್ತರ ಹತ್ತಿರ. ಅವರ ಅಂಗಡಿಗೆ ಕಿಟಕಿಯೇ ಇರಲಿಲ್ಲ. ಹಗಲಲ್ಲೂ ಬಲ್ಬು ಉರಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂಡುತ್ತಿದ್ದರು.

ಕೆಲ ವರ್ಷಕ್ಕೆ ಸರ್ಕಾರ ದೀಪ, ಫ್ಯಾನುಗಳ ಕರೆಂಟಿನ ಮೇಲೆ ತೆರಿಗೆ ಹೊರಿಸಿತು. ಕಾರಖಾನೆಯ ಮೋಟಾರಿಗೆ ವಿನಾಯಿತಿ. ವಸೂಲು ಮಾಡುವವರು ನಾವು, ಕೊಡುವವರು ಗ್ರಾಹಕರು. ಬಿಲ್ಲು ಹಿಡಿದು ಗಡಿಯಾರದವರು ಕಚೇರಿಗೆ ಬಂದರು.

"ಸಾಹೇಬ್ರ, ಹತ್ತಿ ಗಿರಣಿಗೆ ತೆರಿಗಿ ಇಲ್ಲ, ನನಗ್ಯಾಕ್ರಿ?"

"ಅವರದು ಮೋಟಾರ್ ಚಾಚಾ. ನಿಮ್ಮದು ದೀಪ."

"ದೀಪಾನ ನನ್ನ ಮೋಟಾರ್ ರೀ. ಅದು ಆರಿದ್ರ ನನ್ನ ಕೈ ನಿಂತಂಗ."

ಅವರ ಪರವಾಗಿ ನಾನೇ ಅರ್ಜಿ ಬರೆದು ಮ್ಯಾನೇಜರರ ಮುಂದಿಟ್ಟೆ. ಅವರು ಪೂರ್ತಿ ಓದಲೂ ಇಲ್ಲ.

"ಇದು ಸರ್ಕಾರದ್ದು. ಒಬ್ಬಂವಗ ಬಿಟ್ರ ಆ ರೊಕ್ಕ ನಾವು ತುಂಬಬೇಕಾಗ್ತದ. ನೀವು ತುಂಬ್ತೀರೇನು?" ಎಂದರು. ಅರ್ಜಿ ಮಡಚಿಕೊಂಡು ಹೊರಬಂದೆ.

ಚಾಚಾ ಎರಡು ತಿಂಗಳು ಹೇಗೋ ಕಟ್ಟಿದರು. ಮೂರನೆಯ ತಿಂಗಳು ಕನೆಕ್ಷನ್ ತೆಗೆಯಲು ಹೇಳಿಕಳಿಸಿದರು. ಸಹಿ ಪಡೆಯಲು ಲೈನ್‌ಮನ್ ಜೊತೆ ನಾನೇ ಹೋಗಬೇಕಾಯಿತು. ಅವನು ಮೀಟರ್ ಬಿಚ್ಚುತ್ತಿರುವಾಗ ಅವರು ನಮಗೆ ಚಹಾ ತರಿಸಿದರು. ಕುಡಿಯಲು ಮನಸ್ಸಿರಲಿಲ್ಲ, ಆದರೂ ಕುಡಿದೆ.

ಆಮೇಲೆ ಅವರು ಮೇಜನ್ನು ಬಾಗಿಲಿಗೆ ಎಳೆದುಕೊಂಡರು. ಬೀದಿಯ ಧೂಳು ಗಡಿಯಾರಗಳೊಳಗೆ ಹೋಗತೊಡಗಿತು. ಮೋಡದ ದಿನ ಚಿಮಣಿ ದೀಪ ಹಚ್ಚಿ, ಮೂಗು ತಾಗುವಷ್ಟು ಬಗ್ಗಿ ಕೂಡುತ್ತಿದ್ದರು. ಒಂದು ಮಳೆಗಾಲ ವಕೀಲರೊಬ್ಬರ ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗು ಅವರ ಕೈಯಲ್ಲಿ ಮುರಿಯಿತು. ವಕೀಲರು ಬೀದಿಯಲ್ಲೇ ನಿಂತು ಬೈದರು. ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಅಷ್ಟರಲ್ಲಿ ಅವರ ಕಣ್ಣು ಮಂಜಾಗಿತ್ತು. ತೆರಿಗೆಯಿಂದಲೇ ಕಣ್ಣು ಹೋಯಿತೆಂದು ಹೇಳಲಾರೆ, ವಯಸ್ಸೂ ಆಗಿತ್ತು. ಹಾಗೆಂದುಕೊಂಡು ನಾನು ಸಮಾಧಾನ ಪಟ್ಟದ್ದೇನೂ ಇಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಅವರನ್ನು ಅಳಿಯನ ಸೈಕಲ್ ಅಂಗಡಿಯಲ್ಲಿ ಕಂಡೆ. ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಏಳುವ ಜಾಗವನ್ನು ಬೆರಳಿನಿಂದ ಹುಡುಕುತ್ತಿದ್ದರು. "ಆರಾಮ ಅದೀರೇನ್ರಿ ಚಾಚಾ?" ಎಂದೆ. ದನಿಯಿಂದಲೇ ಗುರುತು ಹಿಡಿದರು.

"ತೆರಿಗಿ ತಗದ್ರೇನ್ರಿ ಸಾಹೇಬ್ರ?"

"ಇಲ್ಲ. ಇನ್ನೂ ಏರಸ್ಯಾರ."

"ಅಂದ್ರ ನಾ ಕರೆಂಟ್ ಬಿಟ್ಟಿದ್ದು ಛಲೋ ಆತು ಬಿಡ್ರಿ" ಎಂದು, ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಅಳಿಯನನ್ನು ಕೂಗಿದರು.