ಚೌಕಟ್ಟು ನಿಂತ ದಿನದಿಂದ

ಮೊನ್ನೆ ನನ್ನ ಹಳೆಯ ಕಾನೂನು ಪುಸ್ತಕವೊಂದರಿಂದ ಮಡಿಸಿದ ಕಾಗದ ಜಾರಿಬಿತ್ತು. ಬಿಡಿಸುವ ಮೊದಲೇ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂದಿತು. ಅಂಚಿನಲ್ಲಿ ಕಂದುಬಣ್ಣದ ಬೆರಳಿನ ಗುರುತು... ಎದುರುಮನೆಯ ದರ್ಜಿ ಹೆಣ್ಣುಮಗಳದು. ಅದು ಆಕೆಯ ಕಟ್ಟಡ ಪರವಾನಿಗೆ. ಓದಿ ಹೇಳಲೆಂದು ಕೊಟ್ಟಿದ್ದಳು, ನಾನು ಹಿಂದಿರುಗಿಸಲಿಲ್ಲ.

ಸೊಲ್ಲಾಪುರ ರಸ್ತೆಗೆ ಕೂಡುವ ನಮ್ಮ ಓಣಿಯಲ್ಲಿ ಆಕೆ ಬುರ್ಖಾ ಹೊಲಿಯುತ್ತಿದ್ದಳು. ಅಡುಗೆಮನೆಯ ಬಲ್ಬಿನ ಬೆಳಕಿನಲ್ಲಿ ಕರಿಯ ಬಟ್ಟೆಯ ಮೇಲೆ ಕರಿಯ ದಾರ ಕಾಣುತ್ತಿರಲಿಲ್ಲ. ಮನೆಯ ಮುಂದೆ ಕಿಟಕಿಯಿರುವ ಒಂದು ಕೋಣೆ ಬೇಕೆಂಬುದಷ್ಟೇ ಆಕೆಯ ಆಸೆ. ಪರವಾನಿಗೆ ಸಿಕ್ಕು ಒಂದೂವರೆ ವರ್ಷದ ಮೇಲೆ ಕೆಲಸ ಶುರುವಾಯಿತು. ಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ಗೋಡೆ ಕಟ್ಟುವ ಗೌಂಡಿ ಕಾಯಿ ಒಡೆದ. ಆಕೆ ಓಣಿಗೆಲ್ಲ ಸಕ್ಕರೆ ಹಂಚಿದಳು. ನಮ್ಮಲ್ಲಿ ಮನೆ ಹುಟ್ಟುವುದು ಅಂದೇ.

ಕೆಲವು ತಿಂಗಳ ನಂತರ, ಗೋಡೆ ಇನ್ನೂ ಏಳದಿರುವಾಗಲೇ, ಒಂದು ಮುಂಜಾನೆ ಆಕೆ ಪರವಾನಿಗೆ ಕೊಟ್ಟ ಕಚೇರಿಗೆ ಹೊರಟು ನಿಂತಿದ್ದಳು.

“ಕಾಕಾರ, ಪರವಾನಿಗಿ ಮುದತ್ತ ಮುಗಿಯಾಕ ಬಂದೈತಂತ ಗೌಂಡಿ ಹೇಳ್ಯಾನ. ನವೀಕರಣದ ಅರ್ಜಿ ಕೊಟ್ಟ ಬರ್ತೇನ್ರಿ. ಆ ಕಾಗದ ಕೊಡ್ರಿ.”

“ಗೌಂಡಿಗೇನ ಗೊತ್ತ ಯವ್ವಾ, ಕರಣಿ ಹಿಡಿಯೂದ ಬಿಟ್ಟು? ಚೌಕಟ್ಟ ನಿಂತ ದಿನದಿಂದ ಎರಡ ವರ್ಷ. ಇನ್ನೂ ಭಾಳ ದಿನ ಐತಿ. ಹೋಗಿ ಮಷೀನ ತುಳಿ.”

“ಓದಿದವ್ರು ನೀವು. ನೀವ ಹೇಳಿದ್ರ ಆತ ಬಿಡ್ರಿ,” ಎಂದು ನಕ್ಕು ಒಳಗೆ ಹೋದಳು.

ಅರ್ಧಕ್ಕೆ ಸಾಲೆ ಬಿಟ್ಟು ತಾನಾಗಿಯೇ ಓದಿಕೊಂಡ ನನ್ನಂಥವನಿಗೆ ಆ ಮಾತೇ ಸಾಕಿತ್ತು. ಕಾಗದದಲ್ಲಿ ‘ಪರವಾನಿಗೆ ನೀಡಿದ ದಿನಾಂಕದಿಂದ ಎರಡು ವರ್ಷ’ ಎಂದು ಸ್ಪಷ್ಟವಾಗಿಯೇ ಇತ್ತು. ನಾನದನ್ನು ಓದಿದ್ದೆ. ಹುಟ್ಟದ ಮನೆಗೆ ಆಯುಷ್ಯ ಸವೆಯುವುದೆಂತು, ಗುಮಾಸ್ತರು ರೂಢಿಯಂತೆ ಬರೆದಿದ್ದಾರೆ ಎಂದು ನಂಬಿದೆ.

ಅವಧಿ ಮುಗಿದುಹೋಯಿತು. ಕಚೇರಿಯವರು ಬಂದು ಕೆಲಸ ನಿಲ್ಲಿಸಿ, ಹೊಸದಾಗಿಯೇ ಅರ್ಜಿ ಹಾಕಬೇಕೆಂದರು. ಅಷ್ಟರಲ್ಲಿ ನಿಯಮ ಬದಲಾಗಿತ್ತು. ಮನೆಯ ಮುಂದೆ ಬಿಡಬೇಕಾದ ಜಾಗ ಹೆಚ್ಚಾಗಿತ್ತು. ಆ ಕೋಣೆಗೆ ಸ್ಥಳವೇ ಉಳಿಯಲಿಲ್ಲ. ನವೀಕರಣವೇಕೆ ಮಾಡಿಸಲಿಲ್ಲವೆಂದು ಓಣಿಯವರು ಕೇಳಿದಾಗ ಆಕೆ ನನ್ನೆದುರಿನಲ್ಲೇ, “ನಾನ ಮರ್ತೆ ಬಿಡ್ರಿ,” ಎಂದಳು. ನಾನು ನೆಲ ನೋಡುತ್ತ ನಿಂತಿದ್ದೆ...

ಮತ್ತೆ ಅದೇ ಬಲ್ಬಿನ ಕೆಳಗೆ ಹೊಲಿದಳು. ಕಣ್ಣು ಮಂಜಾದ ಮೇಲೆ ತಿಕೋಟಾದ ತಂಗಿಯ ಮನೆಗೆ ಹೋದಳು, ಅಲ್ಲಿಯೇ ತೀರಿಕೊಂಡಳು. ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ.

ಕಾಗದ ಸಿಕ್ಕ ಸಂಜೆ ಕಟ್ಟೆಯ ಮೇಲೆ ಕುಳಿತವರಿಗೆ ಅದನ್ನು ತೋರಿಸಿ, ತಪ್ಪು ಆಕೆಯದಲ್ಲ, ನನ್ನದು ಎಂದೆ.

“ಕಾಕಾರದ ಯಾವಾಗ್ಲೂ ಉಲ್ಟಾನ,” ಎಂದು ಒಬ್ಬ ನಕ್ಕ. “ಮರ್ತೇನಂತ ಆಕಿನ ಹೇಳ್ಯಾಳಲ್ರಿ.”

ಜೀವಮಾನವೆಲ್ಲ ಜನರ ಮಾತನ್ನು ಅಲ್ಲಗಳೆದವನು ನಾನು. ಆಕೆಯ ಇದೊಂದು ಮಾತನ್ನು ಅಲ್ಲಗಳೆಯಲು ಮಾತ್ರ ಆಕೆ ತೀರಿಹೋಗುವವರೆಗೆ ಕಾದೆ. ಎದುರಿಗೆ ಗೋಡೆಯಿಲ್ಲದ ಆ ಚೌಕಟ್ಟು ಈಗಲೂ ನಿಂತಿದೆ. ಅದರೊಳಗಿಂದ ಅಡುಗೆಮನೆಯ ಮುಚ್ಚಿದ ಬಾಗಿಲು ಕಾಣುತ್ತದೆ.