ಶಾಂತವ್ವನ ಪಾಳಿ

ಎರಡು ವರ್ಷದ ಹಿಂದೆ ನಾನು ಆರೋಗ್ಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದೆ. ವಾರ್ಷಿಕ ಪ್ರಗತಿ ಸಭೆಗೆ ಮೂರೇ ದಿನ ಉಳಿದಿತ್ತು. ವರ್ಷವಿಡೀ ಮಾಡಿದ ಕೆಲಸವನ್ನು ಅಲ್ಲಿ ಹತ್ತು ನಿಮಿಷದಲ್ಲಿ ಒಪ್ಪಿಸಬೇಕು. ನನ್ನದು ನಗರದಂಚಿನ ಪಟ್ಟಂದೂರು ಅಗ್ರಹಾರದ ಬಾಡಿಗೆ ಕೋಣೆಗಳಲ್ಲಿರುವ ಕಾರ್ಮಿಕ ಮಹಿಳೆಯರ ರಕ್ತಹೀನತೆಯ ಅಧ್ಯಯನ. ಮನೆ ಮನೆಗೆ ಹೋಗಿ ಹೆಸರು ಬರೆದುಕೊಂಡದ್ದು ಸಹಪಾಠಿ, ಆಮೇಲೆ ರಕ್ತ ತೆಗೆದದ್ದು ನಾನು.

ಅಂದು ಪ್ರಯೋಗಾಲಯದ ವರದಿ ಬಂತು. ಶಾಂತವ್ವ ಎಂಬ ಹೆಸರಿನ ಮುಂದೆ ಹಿಮೋಗ್ಲೋಬಿನ್ ಆರಕ್ಕಿಂತ ಕಡಿಮೆ ಇತ್ತು. ಅಷ್ಟು ಕಡಿಮೆಯಿದ್ದವರನ್ನು ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಅವರ ಫೋನ್ ಸ್ವಿಚ್ ಆಫ್ ಆಗಿತ್ತು. ಸಂಜೆ ನಾನೇ ಹೋದೆ.

ಎಂಟು ಕೋಣೆಗಳಿಗೆ ಒಂದೇ ನಲ್ಲಿ ಇದ್ದ ವಠಾರ ಅದು. ಶಾಂತವ್ವ ಆಗಷ್ಟೇ ಕಟ್ಟಡದ ಕೆಲಸದಿಂದ ಬಂದು ಕಾಲಿಗೆ ಅಂಟಿದ ಸಿಮೆಂಟು ತೊಳೆಯುತ್ತಿದ್ದರು. ವರದಿಯ ವಿಷಯ ಹೇಳಿದೆ. ಅವರು ನಕ್ಕುಬಿಟ್ಟರು.

"ನನ್ನ ರಕ್ತ ಯಾವಾಗ ತಗೊಂಡ್ರಿ ಮೇಡಂ? ಅವತ್ತು ನಾ ಸೈಟಿನ್ಯಾಗಿದ್ದೆ."

ನನಗೆ ನೆನಪಾಯಿತು. ಆ ದಿನ ಪಟ್ಟಿ ನೋಡಿ "ಶಾಂತವ್ವ" ಎಂದು ಕೂಗಿದ್ದೆ. ಒಂದು ಕೈ ಮುಂದೆ ಬಂದಿತ್ತು. ನಾನು ನರವನ್ನು ನೋಡಿದ್ದೆ, ಮುಖವನ್ನು ನೋಡಿರಲಿಲ್ಲ.

ಅವತ್ತು ವಠಾರದಲ್ಲಿ ಯಾರಿದ್ದರೆಂದು ಕೇಳಲು ಶಾಂತವ್ವ ಪಕ್ಕದ ಕೋಣೆಯಿಂದ ಬಸಮ್ಮ ಎಂಬ ಹುಡುಗಿಯನ್ನು ಕರೆದರು. ಅವಳಿಗೆ ನಾಲ್ಕು ತಿಂಗಳಾಗಿತ್ತು. ಗರ್ಭಿಣಿಯರು ನಮ್ಮ ಅಧ್ಯಯನಕ್ಕೆ ಸೇರುವುದಿಲ್ಲವೆಂದು ಸಹಪಾಠಿ ಅವಳ ಹೆಸರು ಬರೆದುಕೊಂಡಿರಲಿಲ್ಲ.

"ಅಕ್ಕನ ಪಾಳಿ ತಪ್ಪಬಾರದಂತ ನಾ ಕೈ ಕೊಟ್ಟೆನ್ರಿ," ಎಂದಳು ಬಸಮ್ಮ, ತಲೆ ತಗ್ಗಿಸಿ. "ನೀರಿಗೂ ನಾವು ಹಂಗ ಮಾಡ್ತೀವಿ. ಯಾರು ಇರಂಗಿಲ್ಲೋ ಅವರ ಕೊಡ ಇನ್ನೊಬ್ಬರು ತುಂಬಿಸ್ತಾರ."

ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತದೆಯೇ ಎಂದು ಕೇಳಿದೆ. ಹೌದಂತೆ, ಬಸುರಿಗೆ ಅದೆಲ್ಲ ಇದ್ದದ್ದೇ ಎಂದು ಸುಮ್ಮನಿದ್ದಳಂತೆ. ಮೂವರೂ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಶಾಂತವ್ವ ಅವಳನ್ನು ಬೈಯುತ್ತಲೇ ಇದ್ದರು, ಹಿಡಿದ ಕೈ ಮಾತ್ರ ಬಿಡಲಿಲ್ಲ. ಅಂದೇ ಅವಳನ್ನು ದಾಖಲಿಸಿಕೊಂಡು ರಕ್ತ ಕೊಟ್ಟರು.

ಮರುದಿನ ನನ್ನ ಮಾರ್ಗದರ್ಶಕಿಗೆ ಎಲ್ಲವನ್ನೂ ಹೇಳಿದೆ. ಅವರು ಗದರಲಿಲ್ಲ. "ಇನ್ನೆಷ್ಟು ಜನ ಹೀಗೆ ಕೈ ಕೊಟ್ಟಿರಬಹುದಮ್ಮ?" ಎಂದು ಕೇಳಿದರು. ಪ್ರಗತಿ ಸಭೆಯಲ್ಲಿ ಫಲಿತಾಂಶ ತೋರಿಸದೆ, ನಡೆದದ್ದನ್ನು ಹೇಳಿ ಕುಳಿತೆ. ಪ್ರತಿಯೊಬ್ಬರನ್ನೂ ಮತ್ತೆ ಕಂಡು ವಿಚಾರಿಸಬೇಕಾಯಿತು. ಪದವಿ ಆರು ತಿಂಗಳು ತಡವಾಯಿತು.

ಬಸಮ್ಮನಿಗೆ ಹೆಣ್ಣು ಮಗುವಾಯಿತು, ಇಬ್ಬರೂ ಚೆನ್ನಾಗಿದ್ದಾರೆ. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ನನ್ನ ಅಧ್ಯಯನದ ಕೆಳಗೆ ಒಂದು ಸಾಲಿದೆ: ಗುರುತು ತಾಳೆಯಾಗದ ಮಾದರಿಗಳನ್ನು ಕೈಬಿಡಲಾಗಿದೆ. ಬಸಮ್ಮ ಇರುವುದು ಆ ಸಾಲಿನಲ್ಲಿ. ಕೈಬಿಟ್ಟದ್ದು ಸರಿ, ನಾನೇ ಬರೆದ ಸಾಲು ಅದು. ಆದರೆ ರಕ್ತ ತೆಗೆದ ದಿನ ನಾನು ಸರಿಯಾಗಿ ಕೆಲಸ ಮಾಡಿದ್ದರೆ ಅವಳನ್ನು ವಾಪಸು ಕಳಿಸಿಬಿಡುತ್ತಿದ್ದೆ. ಈ ಎರಡನ್ನೂ ಒಟ್ಟಿಗೆ ಯೋಚಿಸುವುದು ನನಗೆ ಇಂದಿಗೂ ಕಷ್ಟ.

ಈಗ ನಾನು ಪಟ್ಟಿ ನೋಡಿ ಹೆಸರು ಕೂಗುವುದಿಲ್ಲ. ಎದುರು ಕುಳಿತವರ ಮುಖ ನೋಡಿ, "ನಿಮ್ಮ ಹೆಸರೇನು?" ಎಂದು ಕೇಳುತ್ತೇನೆ. ಪಟ್ಟಿಯಲ್ಲಿ ಹೆಸರಿಲ್ಲದವರನ್ನೂ ಕೂರಿಸಿ, ಹೇಗಿದ್ದೀರಿ ಎಂದು ಕೇಳಿಯೇ ಕಳಿಸುತ್ತೇನೆ.