ಬಾಗಿಲ ಹಿಂದಿನ ಕರೆ

ಚಿಗವ್ವ, ಆ ದಿನ ಕ್ಯಾಮೆರಾದ ಮುಂದೆ "ಯವ್ವಾ" ಎಂದು ನಿನ್ನನ್ನು ಕರೆದದ್ದು ನಿನ್ನ ಮಗ ಶಿವು ಅಲ್ಲ. ನಾನು. ಬಾಗಿಲ ಹಿಂದೆ, ಭತ್ತದ ಚೀಲಗಳ ಸಂದಿಯಲ್ಲಿ ಕೂತು, ಅವನ ಧ್ವನಿಯಲ್ಲಿ ಕರೆದೆ.

ಇಷ್ಟು ವರ್ಷ ಹೇಳಲಿಲ್ಲ. ಗಿರಣಿ ಸಾಹುಕಾರರ ಕೆಮ್ಮು, ನಮ್ಮಪ್ಪನ ಗೊರಕೆ, ಹುಡುಗಿಯರ ಮುಂದೆ ತೊದಲುವ ನನ್ನದೇ ಮಾತು — ಎಲ್ಲವನ್ನೂ ಮದುವೆ ಮಂಟಪಗಳಲ್ಲಿ ಮಾಡಿ ತೋರಿಸಿ ಹೊಟ್ಟೆ ಹೊರೆಯುವ ಮಿಮಿಕ್ರಿಯವನು ನಾನು. ಇದೊಂದನ್ನು ಮಾತ್ರ ಯಾರ ಧ್ವನಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ.

ಟಿವಿಯವರು ನಮ್ಮೂರು ಮರಳಿಗೆ ಬಂದಾಗ ನನಗೆ ಹತ್ತು ವರ್ಷ, ಶಿವು ನನಗಿಂತ ಸ್ವಲ್ಪ ಚಿಕ್ಕವನು. ಬುದ್ಧಿಯ ಬೆಳವಣಿಗೆ ಬೇರೆ ದಾರಿ ಹಿಡಿದ ಮಕ್ಕಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಆಟಿಸಂ ಎಂಬ ಪದವನ್ನು ನಾವು ಮೊದಲು ಕೇಳಿದ್ದು ಅವರ ಬಾಯಲ್ಲೇ. ಅಲ್ಲಿಯವರೆಗೆ ಊರು ಅವನನ್ನು ದೇವರ ಕೂಸು ಎನ್ನುತ್ತಿತ್ತು, ನಾನು ರೇಡಿಯೋ ಎನ್ನುತ್ತಿದ್ದೆ. ಎದುರು ಕೂತು ಏನಾದರೂ ಹೇಳಿಸಲು ಹೋದರೆ ಅವನು ಕಿವಿ ಮುಚ್ಚಿಕೊಳ್ಳುತ್ತಿದ್ದ. ಆದರೆ ದೂರದಿಂದ ಬಂದ ಕೂಗನ್ನು — ಕಂಡಕ್ಟರನ "ರೈಟ್ ರೈಟ್", ಬಳೆಗಾರನ ರಾಗ — ಇದ್ದ ಹಾಗೇ ವಾಪಸು ಕೊಡುತ್ತಿದ್ದ. ಅವನು ಮಾಡಿದರೆ ಜನ ಪಾಪ ಎನ್ನುತ್ತಿದ್ದರು. ಅದನ್ನೇ ನಾನು ಮಾಡಿದರೆ ಚಪ್ಪಾಳೆ.

ಅವತ್ತು ಅವನು ತುಟಿ ಬಿಚ್ಚಲಿಲ್ಲ. ಮಗ ನಿಮ್ಮನ್ನು ಏನೆಂದು ಕರೆಯುತ್ತಾನೆ ಎಂದು ಟಿವಿಯ ಮೇಡಂ ಕೇಳಿದರು. "ಇನ್ನೂ ಕರದಿಲ್ರಿ" ಎಂದು ನೀನು ಒಲೆಯ ಕಡೆ ತಿರುಗಿಬಿಟ್ಟೆ. ಆಗ ನನಗೆ ಮರುಕ ಬಂತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ — ಸುಳ್ಳು. ಮಜಾ ಅನ್ನಿಸಿತು, ಅಷ್ಟೇ. ಕರೆದೆ. ನೀನು ತಿರುಗಿದೆ. ಆ ಮುಖ... ನಗಬೇಕೆಂದಿದ್ದವನು ನಗಲಾರದೆ ಹೋದೆ. ಹಿತ್ತಲಿನಿಂದ ಸುತ್ತಿ ಅಂಗಳಕ್ಕೆ ಓಡಿ ಬಂದು, ಯಾರಿಗೂ ಅನುಮಾನ ಬರಬಾರದೆಂದು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ.

ಆ ಮೇಡಂ ಕೊಪ್ಪಳದಲ್ಲಿ ಇಂಥ ಮಕ್ಕಳಿಗೆ ಕಲಿಸುವ ಶಾಲೆಯೊಂದರಲ್ಲಿ ಶಿವುಗೆ ಜಾಗ ಕೇಳಿ ಬಂದಿದ್ದರು. ನೀನು ಒಪ್ಪಲಿಲ್ಲ. "ನನ್ನ ಮಗ ಬಾಯಿ ಬಿಟ್ಟಾನ್ರಿ. ಇನ್ನ ತಾನಾ ಮಾತಾಡ್ತಾನ, ಎಲ್ಲಿಗೂ ಕಳಸೂದಿಲ್ಲ" ಎಂದೆ. ನಾನು ಅಲ್ಲೇ ಇದ್ದೆ, ಅವರು ಹಂಚಿದ ಬಿಸ್ಕೀಟು ತಿನ್ನುತ್ತ. ನಿಜ ಹೇಳದ್ದಕ್ಕೆ ಬಾಯಿ ತುಂಬಿತ್ತು ಎನ್ನುವುದು ಕಾರಣವಲ್ಲ.

ಚಿತ್ರ ಟಿವಿಯಲ್ಲಿ ಬಂದ ದಿನ ಊರಲ್ಲಿ ಕರೆಂಟ್ ಇರಲಿಲ್ಲ. ಆಮೇಲೆ ಎಲ್ಲರೂ ಮರೆತರು. ನೀನು ಮರೆಯಲಿಲ್ಲ. ಅಂದಿನಿಂದ ಮಗನಿಗೆ ಬೆನ್ನು ಹಾಕಿಯೇ ರೊಟ್ಟಿ ಬಡಿಯುತ್ತಿದ್ದೆ — ಅವತ್ತು ಹಾಗೇ ಕೂತಿದ್ದಾಗ ಕರೆದನಲ್ಲ, ಅದಕ್ಕೆ.

ಹೋದ ವರ್ಷ ಮೂರ್ಛೆ ಬಂದು ಶಿವು ಹೋದ. ಮಣ್ಣಾದ ಮೇಲೆ ಒಂದು ಮಧ್ಯಾಹ್ನ ನೀನು ನನ್ನ ಕೈ ಹಿಡಿದುಕೊಂಡೆ. "ಬಸ್ಯಾ, ಊರೂರು ತಿರಗಾಂವ ನೀನು. ಆ ಟಿವಿ ಫಿಲಂ ಎಲ್ಲಿದ್ರೂ ಹುಡಿಕಿ ತಂದು ಕೊಡೋ. ನನ್ನ ಮಗ ಕರದದ್ದು ಒಂದ್ ಸಲ ಕೇಳ್ತೀನಿ."

ಹೂಂ ಎಂದೆ. ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕಲು ಹೊರಟೆ. ಟಿವಿ ಆಫೀಸಿಗೆ ದೊಡ್ಡ ಸಾಹೇಬರ ಗಂಟಲಲ್ಲಿ ಫೋನು ಮಾಡಿದೆ. ಆ ಕಡೆಯವನು ಎದ್ದು ನಿಂತೇ ಮಾತಾಡಿರಬೇಕು. ಟೇಪು ಉಳಿದಿಲ್ಲ ಸರ್, ಅದರ ಮೇಲೆ ಬೇರೇನೋ ತುಂಬಿದ್ದಾರೆ, ಎಂದ. ಪಾರಾದೆ ಎಂದುಕೊಂಡು ನಿನಗೆ ಹೇಳಲು ಬಂದರೆ — ನೀನು ಖಾಲಿ ಮಂಚಕ್ಕೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದೆ.

ಅಲ್ಲಿಂದ ನಿಜವಾಗಿ ಹುಡುಕಿದೆ. ಹುಚ್ಚನ ಹಾಗೆ. ಕೇಬಲಿನವರು, ಹಳೇ ಸಿ.ಡಿ. ಅಂಗಡಿಯವರು, ಯಾರನ್ನೂ ಬಿಡಲಿಲ್ಲ. ಅಂದು ಟಿವಿಯವರನ್ನು ಕರೆತಂದಿದ್ದ ಟೀಚರಮ್ಮ ಈಗ ತಳಕಲ್ಲಿನಲ್ಲಿದ್ದಾರೆ. ಆ ಕ್ಯಾಮೆರಾದವರು ಕುಷ್ಟಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ ಎಂದು ಅವರು ಹೇಳಿದರು.

ಕ್ಯಾಮೆರಾದವರ ಬಳಿ ಇತ್ತು, ಚಿಗವ್ವ. ಅವತ್ತು ತೆಗೆದದ್ದೆಲ್ಲ ಇತ್ತು.

ಕರೆ ಕೇಳುತ್ತದೆ. ಆಗ ಶಿವುವಿನ ಬಾಯಿ ಮುಚ್ಚಿದೆ. ಎಲ್ಲರೂ ನಿನ್ನ ಮುಖ ನೋಡುತ್ತಿದ್ದುದರಿಂದ ಯಾರೂ ಗಮನಿಸಲಿಲ್ಲ. ನೀನು ತಿರುಗುತ್ತೀ. ಚಪ್ಪಾಳೆ. ಆಗ ಅವನು ಮೆಲ್ಲಗೆ ಬಾಗಿಲ ಕಡೆ, ನಾನಿದ್ದ ಕಡೆ, ನೋಡುತ್ತಾನೆ — ಮತ್ತು ಅವನ ತುಟಿ ಅಲುಗುತ್ತದೆ. ಆಮೇಲೆ ಗದ್ದಲ ತಾಳದೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಾನೆ.

ಮತ್ತೆ ಮತ್ತೆ ಹಾಕಿಸಿದೆ. ಪರದೆಗೆ ಕಿವಿ ಹಚ್ಚಿದೆ. ಚಪ್ಪಾಳೆ ಬಿಟ್ಟು ಬೇರೇನೂ ಇಲ್ಲ. ನಿನ್ನ ಮನೆಯಲ್ಲಿ ಬೇರೆ ಮಕ್ಕಳಿರಲಿಲ್ಲ. ದೂರದಿಂದ ಒಬ್ಬರು ನಿನ್ನನ್ನು "ಯವ್ವಾ" ಎಂದು ಕೂಗಿದ್ದನ್ನು ಅವನು ಕೇಳಿದ್ದು ಬಹುಶಃ ಅದೇ ಮೊದಲು. ಕೇಳಿದ್ದನ್ನು ವಾಪಸು ಕೊಡುವವನು ಅವನು. ಕೊಟ್ಟಿರಬಹುದು. ನಾವು — ನಾನು — ಕೇಳಲು ಬಿಡಲಿಲ್ಲ.

ನನ್ನ ಕಸುಬು ತಿಳಿದು ಕ್ಯಾಮೆರಾದವರು ಮೈಕು ಮುಂದಿಟ್ಟರು. "ಆ ತುಟಿಗೆ ನೀನಾ ಒಂದು ದನಿ ಕೊಡು ತಮ್ಮಾ, ಕೂಡಿಸಿ ಕೊಡ್ತೀನಿ. ತಾಯಿ ಜೀವಕ್ಕ ತಂಪಾಗ್ತೈತಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನ್ನ ಗಂಟಲಲ್ಲಿ ಅವನ ಧ್ವನಿ ಎದ್ದೂ ಬಂದಿತ್ತು — ಮೂಗಿನಿಂದ ಹೊರಟು, ಕೊನೆಗೆ ಮೇಲೇರಿ ನಿಲ್ಲುವ ಧ್ವನಿ. ಒಂದೇ ಒಂದು ಸಲ ಅಂದರೆ ಸಾಕಿತ್ತು. ನೀನು ಸಾಯುವವರೆಗೂ ಅದನ್ನೇ ಕೇಳಿಕೊಂಡು...

ಬೇಡ್ರಿ ಎಂದು ಮೈಕು ಸರಿಸಿದೆ.

ಇದ್ದದ್ದನ್ನು ಇದ್ದ ಹಾಗೇ ಫೋನಿಗೆ ಹಾಕಿಸಿಕೊಂಡು ಊರ ಕಡೆ ಹೊರಟ ಗಂಗಾವತಿ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿನಗೆ ಓದಲು ಬರುವುದಿಲ್ಲ. ಇಷ್ಟನ್ನೂ ನಿನ್ನೆದುರು ಕೂತು ಹೇಳಬೇಕು. ಹೇಳಿ, ಅವನ ತುಟಿ ಅಲುಗುವ ಜಾಗ ತೋರಿಸುತ್ತೇನೆ. ಅವನೇನಂದ ಎಂದು ಕೇಳುತ್ತೀ. ಗೊತ್ತಿಲ್ಲ ಎನ್ನುತ್ತೇನೆ.

ನೀನು ಈಗಲೂ ಬೆನ್ನು ಹಾಕಿಯೇ ಕೂತಿರುತ್ತೀ. ಬಾಗಿಲಲ್ಲಿ ನಿಂತು, ಕರೆಯುವ ಮೊದಲು, ನನ್ನ ಹೆಸರು ಹೇಳುತ್ತೇನೆ.